62ಕ್ಕೆ ಸರಳೆ ವರಸೆ

ಬ್ಯಾಂಕಿನಿಂದ ನಿವೃತ್ತಿಯಾದಾಗ ಎಲ್ಲರೂ "ಇನ್ನು ಆರಾಮಾಗಿರಿ" ಅಂದರು. ನನಗೆ ಸುಮ್ನೆ ಕೂರೋದು ಬೇಕಿರಲಿಲ್ಲ. ಹಾಡು ಕಲಿಯಬೇಕು ಅನ್ನೋ ಆಸೆ ಚಿಕ್ಕಂದಿನದು. 62ನೇ ವಯಸ್ಸಿಗೆ ಮೈಸೂರಿನಲ್ಲಿ, ನಮ್ಮ ಹಿಂದಿನ ಬೀದಿಯಲ್ಲೇ ಕರ್ನಾಟಕ ಸಂಗೀತದ ಪಾಠಕ್ಕೆ ಸೇರಿದೆ.

ನನ್ನ ವಯಸ್ಸಿನವರು ಅಲ್ಲಿ ನೇರವಾಗಿ ದೇವರನಾಮ ಕಲಿಯುತ್ತಿದ್ದರು. ಪೂಜೆ, ಹಬ್ಬಕ್ಕೆ ಅದು ಸಾಕು. ಆದರೆ ನನಗೆ ಸ್ವರದ ಮೇಲೆ ಹಿಡಿತ ಬೇಕಿತ್ತು. ಹಾಗಾಗಿ ಮಕ್ಕಳ ಜೊತೆ ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದಲೇ, ಅಂದರೆ ಮೊದಲ ಸ್ವರಪಾಠದಿಂದಲೇ ಶುರು ಮಾಡಿದೆ. ಈ ಏರ್ಪಾಡು ಪುರಂದರದಾಸರದು ಅನ್ನುತ್ತಾರೆ. ಹಾಡಿದ ಮೇಲೆಯೇ ಅದರ ಜಾಣತನ ಗೊತ್ತಾಗಿದ್ದು. ಸ-ರಿ-ಗ-ಮ ನಡುವೆ ಎಷ್ಟೆಷ್ಟು ಅಂತರವೋ, ಪ-ದ-ನಿ-ಸ ನಡುವೆಯೂ ಅಷ್ಟಷ್ಟೇ. ಕೆಳಗಿನ ಅರ್ಧ ಗಂಟಲಿಗೆ ಕೂತರೆ ಮೇಲಿನ ಅರ್ಧಕ್ಕೆ ದಾರಿ ಸಿಕ್ಕಂತೆ.

ಮೊದಲ ತೊಡಕು ಶ್ರುತಿ, ಅಂದರೆ ಹಾಡಿಗೆ ಆಧಾರವಾಗಿ ಇಟ್ಟುಕೊಳ್ಳುವ ಸ್ವರ. ಅದರ ಎತ್ತರವನ್ನು 'ಮನೆ'ಯಲ್ಲಿ ಹೇಳುತ್ತಾರೆ. ಮಕ್ಕಳದು ಐದೂವರೆ, ಆರು ಮನೆ. ಮುಟ್ಟು ನಿಂತ ಮೇಲೆ ಹೆಂಗಸರ ದನಿ ಸ್ವಲ್ಪ ಕೆಳಗಿಳಿಯುತ್ತದೆ. ನನಗೆ ತಾರಸ್ಥಾಯಿಯ, ಅಂದರೆ ಮೇಲಿನ ಸ ಮುಟ್ಟುವಷ್ಟರಲ್ಲಿ ಗಂಟಲು ಬಿಗಿಯುತ್ತಿತ್ತು. ಮಿಸ್ ನನ್ನ ಮಗಳ ವಯಸ್ಸಿನವರು. "ಎಳೀಬೇಡಿ ಅಮ್ಮ" ಅಂತ ನನಗೆ ನಾಲ್ಕೂವರೆ ಮನೆ ಇಟ್ಟು, ಬೇರೆಯಾಗಿ ಹಾಡಿಸಿದರು. ಮಂಡಿನೋವಿಗೆ ಕುರ್ಚಿ ಹಾಕಿಕೊಂಡೆ, ಬೆನ್ನು ಮಾತ್ರ ನೆಟ್ಟಗೆ. ಬೆಳಿಗ್ಗೆ ಎದ್ದು ಬಿಸಿನೀರು ಕುಡಿದು ಮಂದ್ರದಲ್ಲಿ, ಅಂದರೆ ಕೆಳಗಿನ ಸ್ವರಗಳಲ್ಲಿ, ನಿಧಾನಕ್ಕೆ 'ಆ' ಅಂತ ಅಕಾರ ಹಾಡುತ್ತೇನೆ.

ದೇಹಕ್ಕೆ ಎಷ್ಟು ಬೇಕೋ ಅಷ್ಟು ಅನುಕೂಲ ಮಾಡಿಕೊಟ್ಟೆ. ಪಾಠದಲ್ಲಿ ಮಾತ್ರ ರಿಯಾಯಿತಿ ಕೇಳಲಿಲ್ಲ. "ವಯಸ್ಸಾಯ್ತಲ್ಲ, ಮೂರನೇ ಕಾಲ (ನಾಲ್ಕು ಪಟ್ಟು ವೇಗ) ಬೇಡ ಬಿಡಿ" ಅಂತ ಯಾರಾದರೂ ಅಂದಾಗ ಒಪ್ಪಿಕೊಂಡುಬಿಟ್ಟರೆ ಅಲ್ಲೇ ಮುದುಕರಾಗುತ್ತೇವೆ ಅನ್ನೋದು ನನ್ನ ಗಟ್ಟಿ ನಂಬಿಕೆ.

ಮೂರನೇ ಕಾಲ ನಿಜವಾಗಲೂ ಕಷ್ಟ. ಆದಿತಾಳದ ಒಂದೊಂದು ಎಣಿಕೆಗೆ ನಾಲ್ಕು ಸ್ವರ. ಮಕ್ಕಳ ನಾಲಿಗೆ ಸಲೀಸಾಗಿ ಓಡುತ್ತದೆ, ನನ್ನದು ತಡವರಿಸುತ್ತದೆ. ನಾನು ಕಂಡುಕೊಂಡ ಉಪಾಯ ಇಷ್ಟೇ: ಮೊದಲು ರಾಗ ಬಿಟ್ಟು, ತಾಳ ಹಾಕುತ್ತಾ ಬರೀ ಸ್ವರ ಹೇಳೋದು. ನಾಲಿಗೆ ತಿರುಗಿದ ಮೇಲೆ ಹಾಡೋದು. ಮಕ್ಕಳಿಗೆ ಕೇಳಿದ್ದು ಬೇಗ ನೆನಪಿರುತ್ತೆ. ನಾನು ಪ್ರತಿ ವರಸೆಯನ್ನೂ ಕೈಯಿಂದ ಬರೆದುಕೊಳ್ಳುತ್ತೇನೆ. ಬರೆದರೆ ಬೇಗ ಕೂರುತ್ತದೆ.

ಅಲಂಕಾರ ಅನ್ನೋ ತಾಳದ ಪಾಠಗಳಲ್ಲಿ ಧ್ರುವತಾಳಕ್ಕೆ 14 ಅಕ್ಷರ, ಅಂದರೆ ಎಣಿಕೆ: ಒಂದು ಲಘು (ಒಂದು ತಟ್ಟು, ಮೂರು ಬೆರಳು), ಒಂದು ದ್ರುತ (ಎರಡು ಎಣಿಕೆ), ಮತ್ತೆ ಎರಡು ಲಘು. ಪಕ್ಕದಲ್ಲಿ ಕೂರುವ ನಾಲ್ಕನೇ ಕ್ಲಾಸಿನ ಹುಡುಗಿ ಹಾಡುತ್ತಲೇ ನನ್ನ ಕೈ ನೋಡುತ್ತಾಳೆ. "ಅಜ್ಜಿ, ಉಂಗುರದ ಬೆರಳು ಬಿಟ್ರಿ" ಅಂತ ನನ್ನ ಬೆರಳು ಹಿಡಿದು ಎಣಿಸಿ ತೋರಿಸುತ್ತಾಳೆ. ಈ ವಯಸ್ಸಿನಲ್ಲಿ ನಮ್ಮನ್ನು ತಿದ್ದುವವರು ಎಲ್ಲಿ ಸಿಗುತ್ತಾರೆ? ಮನೆಯಲ್ಲಿ ಎಲ್ಲರೂ ಗೌರವಕ್ಕೆ ಸುಮ್ಮನಿರುತ್ತಾರೆ. ಅವಳ ತಿದ್ದುವಿಕೆ ನನಗೆ ಯಾವ ಟಾನಿಕ್‌ಗಿಂತಲೂ ಜಾಸ್ತಿ.

ಪಿಳ್ಳಾರಿ ಗೀತೆ ಅನ್ನೋ ಮೊದಲ ಚಿಕ್ಕ ಹಾಡುಗಳು ಮುಗಿದು ಈಗ ವರ್ಣಕ್ಕೆ, ಅಂದರೆ ಅದಕ್ಕಿಂತ ದೊಡ್ಡ ರಚನೆಗೆ ಬಂದಿದ್ದೇವೆ. ಸಂಗೀತದ ಜೂನಿಯರ್ ಪರೀಕ್ಷೆ ಕಟ್ಟೋಣ ಅಂತ ಹುಡುಗಿಯೂ ನಾನೂ ಮಾತಾಡಿಕೊಂಡಿದ್ದೇವೆ. ಥಿಯರಿಯಲ್ಲಿ ನಾನು ಮುಂದು, ತಾಳದಲ್ಲಿ ಅವಳು. ಸಂಜೆ ಅವಳ ಹೋಮ್‌ವರ್ಕ್ ಮುಗಿದ ಮೇಲೆ ನಮ್ಮ ಮನೆಯಲ್ಲೇ ಅಭ್ಯಾಸ.