ಕೆರೆ ಸಂಘ ನಡೆಸೋದು ಹೇಗೆ: ನೀರು ಅಳೆಯೋದ್ರಿಂದ ಹಿಡಿದು ಜನ ಸೇರಿಸೋ ತನಕ

ಕೆರೆ ಸುತ್ತ ಮನೆ ಇರೋರೆಲ್ಲ ಸೇರಿ ಸಂಘ ಅಂತ ಒಂದು ಕಟ್ಟಿದ ಮೇಲೆ ಮೊದಲ ಮೀಟಿಂಗಲ್ಲೇ ಬರೋ ಮಾತು ಎರಡು. ಒಂದು, ಎಲ್ರೂ ಸೇರಿ ಕ್ಲೀನಿಂಗ್ ಮಾಡೋಣ. ಇನ್ನೊಂದು, ನೀರು ಹಸಿರಾಗಿದೆ, ಏನಾದ್ರೂ ಔಷಧಿ ಹಾಕ್ಸೋಣ. ಎರಡೂ ಒಳ್ಳೆ ಮನಸ್ಸಿಂದಾನೇ ಬರೋ ಮಾತು, ಆದ್ರೂ ಎರಡನ್ನೂ ಸ್ವಲ್ಪ ದಿನ ಪಕ್ಕಕ್ಕಿಡಿ ಅಂತ ನಾನು ಹೇಳ್ತೀನಿ. ಕೆರೆ ಕೆಡೋಕೆ ಶುರುವಾಗೋದೇ ದಡದ ಮೇಲಿಂದ, ನಮ್ಮ ಹಿತ್ತಲು, ನಮ್ಮ ಲಾನು, ನಮ್ಮ ಸೆಪ್ಟಿಕ್ ಟ್ಯಾಂಕು, ರಸ್ತೆ ನೀರು ಹರಿದು ಬರೋ ಚರಂಡಿ, ಇವುಗಳಿಂದ. ಅದು ಎಲ್ಲಿಂದ ಎಷ್ಟು ಬರ್ತಿದೆ ಅಂತ ಗೊತ್ತಿಲ್ದೆ ಖರ್ಚು ಮಾಡಿದ್ರೆ ಮುಂದಿನ ವರ್ಷ ಅದೇ ಹಸಿರು, ಅದೇ ಖರ್ಚು.

ಹಾಗಾಗಿ ಮೊದಲನೇ ವರ್ಷ ನೋಡೋಕೆ, ಬರೆದಿಡೋಕೆ ಇಟ್ಕೊಳ್ಳಿ. ಜೋರು ಮಳೆ ಬರೋವಾಗ ಕೊಡೆ ಹಿಡ್ಕೊಂಡು ನಾಲ್ಕೈದು ಜನ ಕೆರೆ ಸುತ್ತ ಒಂದು ರೌಂಡ್ ಹಾಕಿ, ಬಿಸಿಲಲ್ಲಿ ಕಾಣದೇ ಇರೋದೆಲ್ಲ ಆಗ ಕಾಣತ್ತೆ. ಯಾವ ಮೋರಿಯಿಂದ ಕೆಂಪು ನೀರು ಬರ್ತಿದೆ, ಎಲ್ಲಿ ನೊರೆ ಇದೆ, ಯಾರ ಮನೆ ಪಕ್ಕದ ಇಳಿಜಾರಲ್ಲಿ ಮಣ್ಣು ಕೊಚ್ಕೊಂಡು ಹೋಗ್ತಿದೆ, ಎಲ್ಲಾ ಫೋಟೋ ತಗೊಂಡು ಮ್ಯಾಪಲ್ಲಿ ಗುರುತು ಹಾಕಿ. ಫೋಟೋದಲ್ಲಿ ಮನೆ ಬಿದ್ದಿದ್ರೆ ಅದನ್ನ ಗ್ರೂಪಲ್ಲಿ ಹಾಕ್ಬೇಡಿ ದಯವಿಟ್ಟು, ಆ ಮನೆಯವರ ಹತ್ರ ಹೋಗಿ ಮಾತಾಡಿ. ನಾಲ್ಕು ಜನರ ಮುಂದೆ ಬೊಟ್ಟು ಮಾಡಿಸ್ಕೊಂಡೋರು ಆಮೇಲೆ ಯಾವ ಕೆಲಸಕ್ಕೂ ಬರಲ್ಲ.

ಇನ್ನು ನೀರು ಅಳೆಯೋದು. ಇದಕ್ಕೆ ಲ್ಯಾಬೇ ಬೇಕು ಅಂತ ಏನಿಲ್ಲ, ಸೆಕ್ಕಿ ಡಿಸ್ಕ್ ಅಂತ ಒಂದಿದೆ, 1865ರಲ್ಲಿ ಆಂಜೆಲೋ ಸೆಕ್ಕಿ ಅನ್ನೋ ಇಟಲಿಯ ಖಗೋಳ ವಿಜ್ಞಾನಿ ಮೆಡಿಟರೇನಿಯನ್ ಸಮುದ್ರದಲ್ಲಿ ಬಿಳಿ ತಟ್ಟೆ ಇಳಿಸಿ ನೀರು ಎಷ್ಟು ತಿಳಿ ಅಂತ ನೋಡಿದ್ರು, ಇವತ್ತಿಗೂ ಲೋಕದ ಎಲ್ಲಾ ಕಡೆ ಕೆರೆ ನೋಡ್ಕೊಳ್ಳೋರು ಬಳಸೋದು ಅದನ್ನೇ. 20 ಸೆಂಟಿಮೀಟರ್ ಅಗಲದ ಗುಂಡಗಿನ ತಟ್ಟೆ, ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು ಬಿಳಿ ಪೇಂಟ್, ಕೆಳಗೆ ಒಂದು ಭಾರ, ಮೇಲೆ ಹಿಗ್ಗದೇ ಇರೋ ಹಗ್ಗ, ಹಗ್ಗಕ್ಕೆ 10 ಸೆಂಟಿಮೀಟರಿಗೊಂದು ಗುರುತು. ಮನೇಲೇ ಮಾಡ್ಕೋಬಹುದು. ಕೆರೆಯ ಅತೀ ಆಳದ ಜಾಗಕ್ಕೆ ದೋಣೀಲಿ ಹೋಗಿ, ಬೆಳಗ್ಗೆ 10ರಿಂದ ಮಧ್ಯಾಹ್ನ 3ರ ಒಳಗೆ, ದೋಣಿಯ ನೆರಳು ಬೀಳೋ ಕಡೆಯಿಂದ ನಿಧಾನಕ್ಕೆ ಇಳಿಸಿ, ಕೂಲಿಂಗ್ ಗ್ಲಾಸ್ ತೆಗೆದಿಡಿ. ತಟ್ಟೆ ಪೂರ್ತಿ ಕಾಣದೇ ಹೋದಾಗ ನೀರಿನ ಮಟ್ಟದಲ್ಲಿ ಹಗ್ಗ ಹಿಡ್ಕೊಂಡು ಆಳ ನೋಡಿ, ಇನ್ನೊಂಚೂರು ಇಳಿಸಿ ಆಮೇಲೆ ಮೇಲಕ್ಕೆ ಎಳೀರಿ, ಮತ್ತೆ ಕಂಡ ತಕ್ಷಣ ಇನ್ನೊಂದು ಸಲ ನೋಡಿ, ಎರಡರ ಸರಾಸರಿ ಬರ್ಕೊಳ್ಳಿ. ಅಷ್ಟೇ ಕೆಲಸ. ಎರಡು ವಾರಕ್ಕೊಮ್ಮೆ ಅದೇ ಜಾಗದಲ್ಲಿ ಆದಷ್ಟು ಅದೇ ಹೊತ್ತಲ್ಲಿ ಮಾಡಿದ್ರೆ ಒಂದೆರಡು ವರ್ಷದಲ್ಲಿ ನಿಮ್ಮ ಕೆರೆ ಯಾವ ಕಡೆ ಹೋಗ್ತಿದೆ ಅಂತ ನಿಮಗೇ ಗೊತ್ತಾಗತ್ತೆ. ಗಾಳಿ, ಮಳೆ, ನೀರಿನ ಬಣ್ಣ, ಉಷ್ಣಾಂಶ, ದಡದ ಮೇಲೆ ಬರೆದಿರೋ ಅಳತೆ ಪಟ್ಟಿಯಲ್ಲಿ ನೀರಿನ ಮಟ್ಟ, ಇವನ್ನೂ ಅದೇ ಸಾಲಲ್ಲಿ ಬರೀರಿ. ಅಧಿಕಾರಿಗಳ ಹತ್ರ ಹೋದಾಗ "ನೀರು ಹಾಳಾಗಿದೆ ಸಾರ್" ಅನ್ನೋದಕ್ಕಿಂತ ಈ ನೋಟ್‌ಬುಕ್ ಮುಂದಿಟ್ಟು ಮಾತಾಡೋದಕ್ಕೆ ಬೆಲೆ ಜಾಸ್ತಿ.

ಕೈಲಾದ್ರೆ ವರ್ಷಕ್ಕೆ ಮೂರ್ನಾಲ್ಕು ಸಲ ನೀರು ಲ್ಯಾಬಿಗೆ ಕಳಿಸಿ ರಂಜಕ, ಅಂದ್ರೆ ಫಾಸ್ಫರಸ್ ಎಷ್ಟಿದೆ ಅಂತ ನೋಡ್ಸಿ. ಬೇರೆ ಹತ್ತು ಟೆಸ್ಟ್ ಬಿಟ್ರೂ ಇದೊಂದನ್ನ ಬಿಡ್ಬೇಡಿ. ಸಿಹಿನೀರಿನ ಕೆರೆಗಳಲ್ಲಿ ಪಾಚಿ ಎಷ್ಟು ಬೆಳೆಯತ್ತೆ ಅನ್ನೋದನ್ನ ಹೆಚ್ಚಾಗಿ ನಿರ್ಧಾರ ಮಾಡೋದು ಇದೇ. ಕೆನಡಾದಲ್ಲಿ 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತೆ ಅವರ ಜೊತೆಗಾರರು ಪ್ರಯೋಗಕ್ಕೆ ಅಂತಾನೇ ಇಟ್ಟಿರೋ ಕೆರೆಗಳಲ್ಲಿ 226ನೇ ನಂಬರಿನ ಕೆರೆನ ಮಧ್ಯದಲ್ಲಿ ಪ್ಲಾಸ್ಟಿಕ್ ಪರದೆ ಹಾಕಿ ಎರಡು ಭಾಗ ಮಾಡಿದ್ರು, ಎರಡೂ ಕಡೆ ಇಂಗಾಲ ಸಾರಜನಕ ಹಾಕಿದ್ರು, ರಂಜಕ ಮಾತ್ರ ಒಂದೇ ಕಡೆ. ರಂಜಕ ಹಾಕಿದ ಕಡೆ ನೀರು ಹಚ್ಚ ಹಸಿರಾಯ್ತು, ಇನ್ನೊಂದು ಕಡೆ ಹಾಗೇ ಇತ್ತು, ಮೇಲಿಂದ ತೆಗೆದ ಆ ಫೋಟೋ ನಿಮ್ಮ ಮೀಟಿಂಗಲ್ಲಿ ಒಂದ್ಸಲ ತೋರಿಸಿ, ಅರ್ಧ ಗಂಟೆ ಭಾಷಣಕ್ಕಿಂತ ಬೇಗ ಅರ್ಥ ಆಗತ್ತೆ. ಒಳ್ಳೆ ಸುದ್ದೀನೂ ಇದೆ. ಅಮೆರಿಕದ ಸಿಯಾಟಲ್ ಪಕ್ಕದ ಲೇಕ್ ವಾಷಿಂಗ್ಟನ್‌ಗೆ ಸುತ್ತಮುತ್ತಲ ಊರುಗಳ ಒಳಚರಂಡಿ ನೀರು ಬಂದು ಸೇರ್ತಿತ್ತು, 1963ರಿಂದ 1968ರ ಒಳಗೆ ಅದನ್ನ ಪೂರ್ತಿ ಬೇರೆ ಕಡೆ ತಿರುಗಿಸಿದ್ರು, ಕೆಲವೇ ವರ್ಷದಲ್ಲಿ ಕೆರೆ ತಿಳಿಯಾಯ್ತು. ಬರೋದನ್ನ ನಿಲ್ಲಿಸಿದ್ರೆ ಕೆರೆ ತಾನಾಗೇ ಸುಧಾರಿಸ್ಕೊಳ್ಳತ್ತೆ. ಎಲ್ಲಾ ಕೆರೆಗೂ ಅಷ್ಟು ಬೇಗ ಆಗಲ್ಲ ಅನ್ನೋದೂ ನೆನಪಿರ್ಲಿ, ತಳದ ಹೂಳಲ್ಲಿ ವರ್ಷಾನುಗಟ್ಟಲೆ ಕೂತಿರೋ ರಂಜಕ ತಳದಲ್ಲಿ ಆಮ್ಲಜನಕ ಖಾಲಿಯಾದಾಗ ಮತ್ತೆ ನೀರಿಗೆ ಸೇರ್ತಾ ಇರತ್ತೆ, ಅದಕ್ಕೇ ಕೆಲವು ಕೆರೆಗಳಲ್ಲಿ ಎಲ್ಲಾ ಸರಿ ಮಾಡಿದ್ರೂ ತುಂಬಾ ವರ್ಷ ಕಾಯ್ಬೇಕಾಗತ್ತೆ.

ಮನೆಮನೆಗೆ ಹೋಗಿ ಹೇಳ್ಬೇಕಾಗಿರೋದು ಜಾಸ್ತಿ ಏನಿಲ್ಲ. ಸೆಪ್ಟಿಕ್ ಟ್ಯಾಂಕ್ ಮೂರರಿಂದ ಐದು ವರ್ಷಕ್ಕೊಮ್ಮೆ ಖಾಲಿ ಮಾಡ್ಸಿ. ಲಾನಿಗೆ ಗೊಬ್ಬರ ಹಾಕಲೇಬೇಕು ಅಂದ್ರೆ ರಂಜಕ ಇಲ್ಲದೇ ಇರೋದು ತಗೊಳ್ಳಿ. ಕಿತ್ತ ಹುಲ್ಲು, ಉದುರಿದ ಎಲೆ ನೀರಿಗೆ ತಳ್ಳಬೇಡಿ, ದಡದಲ್ಲಿ ಸುಡಲೂಬೇಡಿ, ಬೂದಿಯಲ್ಲೂ ರಂಜಕ ಇರತ್ತೆ. ನಾಯಿ ಗಲೀಜು ಎತ್ತಿ. ಬಾತುಕೋಳಿಗೆ ಬ್ರೆಡ್ ಹಾಕಬೇಡಿ. ಇವೆಲ್ಲಕ್ಕಿಂತ ದೊಡ್ಡದು ದಡದ ಗಿಡ. ನೀರಿನ ಅಂಚಿನ ತನಕ ಹುಲ್ಲು ಬೋಳಿಸಿಟ್ರೆ ನೋಡೋಕೆ ಚಂದ, ಆದ್ರೆ ಆ ಗಿಡ್ಡ ಹುಲ್ಲಿನ ಬೇರು ಮಣ್ಣನ್ನ ಹಿಡಿಯಲ್ಲ, ಮಳೆ ನೀರನ್ನೂ ತಡೆಯಲ್ಲ. ಸಾಧ್ಯ ಇದ್ದಷ್ಟು ಅಗಲಕ್ಕೆ, ಒಂದು ಹತ್ತು ಮೀಟರ್ ಸಿಕ್ಕಿದ್ರೆ ತುಂಬಾ ಒಳ್ಳೇದು, ಆ ಜಾಗದ್ದೇ ಆದ ಪೊದೆ, ಎತ್ತರದ ಹುಲ್ಲು, ಜೊಂಡು ಬೆಳೆಯೋಕೆ ಬಿಡಿ, ನೀರಿಗೆ ಇಳಿಯೋಕೆ ಒಂದು ಕಿರುದಾರಿ ಬಿಟ್ಕೊಂಡ್ರೆ ಸಾಕು. ಜನ ಇದಕ್ಕೆ ಬೇಗ ಒಪ್ಪಲ್ಲ, ಹಾವು ಬರತ್ತೆ, ಸೊಳ್ಳೆ ಬರತ್ತೆ, ವ್ಯೂ ಹೋಗತ್ತೆ ಅಂತಾರೆ, ವಾದ ಮಾಡೋಕೆ ಹೋಗ್ಬೇಡಿ, ಕಮಿಟಿಯವರೇ ಒಬ್ಬರು ತಮ್ಮ ದಡದಲ್ಲಿ ಮಾಡಿ ತೋರಿಸ್ಲಿ, ಎರಡು ಮಳೆಗಾಲ ಕಳೆದ ಮೇಲೆ ಪಕ್ಕದವರು ತಾವೇ ಬಂದು ಕೇಳ್ತಾರೆ.

ಕಳೆ ವಿಷಯದಲ್ಲೇ ಸಂಘದಲ್ಲಿ ಅತೀ ಹೆಚ್ಚು ಜಗಳ ಆಗೋದು. ಒಬ್ಬರಿಗೆ ಈಜೋಕೆ ಕಾಲಿಗೆ ಸಿಗತ್ತೆ ಅಂತ ಬೇಜಾರು, ಇನ್ನೊಬ್ಬರಿಗೆ ಅದೇ ಕಳೆ ಮಧ್ಯೆ ಮೀನು ಸಿಗತ್ತೆ ಅಂತ ಖುಷಿ. ನೀರೊಳಗಿನ ಗಿಡ ಎಲ್ಲಾ ಕಳೆ ಅಲ್ಲ, ಅವು ಹೂಳನ್ನ ಹಿಡಿದಿಡ್ತವೆ, ಮೀನಿನ ಮರಿಗೆ ಜಾಗ ಕೊಡ್ತವೆ, ಪಾಚಿ ತಿನ್ನೋ ಸಣ್ಣ ಜೀವಿಗಳಿಗೂ ಅಲ್ಲೇ ಆಸರೆ. ಎಲ್ಲಾ ಕಿತ್ತು ಹಾಕಿದ್ರೆ ಅಲ್ಲಿ ಪಾಚಿ ಬಂದು ಕೂರತ್ತೆ. ಹುಲ್ಲುಗೆಂಡೆ ಮೀನು ಬಿಟ್ಟು ಕೆಲಸ ಮುಗಿಸೋಣ ಅನ್ನೋರು ಪ್ರತಿ ಸಂಘದಲ್ಲೂ ಒಬ್ಬರಾದ್ರೂ ಇರ್ತಾರೆ, ಆ ಮೀನು ಜಾಸ್ತಿಯಾದ್ರೆ ಒಂದು ಎಲೇನೂ ಬಿಡಲ್ಲ, ಆಮೇಲೆ ಅದನ್ನ ಹಿಡಿದು ತೆಗೆಯೋದೂ ಕಷ್ಟ. ಆದ್ರೆ ಹೊರಗಿಂದ ಬಂದ ಗಿಡಗಳ ಕಥೆ ಬೇರೆ. ದಕ್ಷಿಣ ಅಮೆರಿಕದಿಂದ ಚಂದದ ಹೂವಿಗೋಸ್ಕರ ಬಂದ ಅಂತರಗಂಗೆ, ನೇರಳೆ ಹೂ ಬಿಡತ್ತಲ್ಲ, ವಾಟರ್ ಹಯಸಿಂತ್ ಅಂತಾರಲ್ಲ ಅದು, ಬಿಸಿಲು ಗೊಬ್ಬರ ಎರಡೂ ಸಿಕ್ಕಿದ್ರೆ ಒಂದೆರಡು ವಾರದಲ್ಲಿ ಎರಡರಷ್ಟಾಗತ್ತೆ, ಬೀಜ ಕೆಸರಲ್ಲಿ ವರ್ಷಗಟ್ಟಲೆ ಜೀವ ಹಿಡ್ಕೊಂಡಿರತ್ತೆ. ಹೈಡ್ರಿಲ್ಲಾ ಅನ್ನೋ ನೀರೊಳಗಿನ ಗಿಡ ನಮ್ಮ ದೇಶದ್ದೇ, ಆದ್ರೂ ಅದರ ಒಂದು ತುಂಡು ಬಿದ್ರೂ ಚಿಗುರತ್ತೆ, ಅದನ್ನ ಮಷೀನಲ್ಲಿ ಕತ್ತರಿಸಿ ಹಾಗೇ ಬಿಟ್ರೆ ಕೆರೆ ತುಂಬಾ ನೀವೇ ನೆಟ್ಟ ಹಾಗೆ. ಅದಕ್ಕೇ ಇಬ್ಬರು ಗಿಡ ಗೊತ್ತಿರೋರನ್ನ ಕರ್ಕೊಂಡು ವರ್ಷಕ್ಕೊಮ್ಮೆ ದೋಣೀಲಿ ದಡದುದ್ದಕ್ಕೂ ಹೋಗಿ ನೋಡ್ಕೊಂಡು ಬನ್ನಿ, ಹೊಸದೇನಾದ್ರೂ ಕೈಯಗಲ ಕಂಡಾಗಲೇ ಬೇರು ಸಮೇತ ಕಿತ್ತು, ನೀರಿಂದ ದೂರ ಒಣಗಿಸಿ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನ ಇಲ್ಲ. ದೋಣಿ ಇಳಿಸೋ ಜಾಗದಲ್ಲಿ ದೊಡ್ಡದಾಗಿ ಬೋರ್ಡ್ ಹಾಕಿ: ಬೇರೆ ಕೆರೆಯಿಂದ ಬಂದ ದೋಣಿ ತೊಳೀರಿ, ಒಳಗಿನ ನೀರು ಪೂರ್ತಿ ಬಸೀರಿ, ಒಣಗಿಸಿ ಆಮೇಲೆ ಇಳಿಸಿ. ಮನೆ ಅಕ್ವೇರಿಯಂ ಗಿಡ ಮೀನು ತಂದು ಕೆರೆಗೆ ಬಿಡೋದನ್ನೂ ಅದೇ ಬೋರ್ಡಲ್ಲಿ ಬೇಡ ಅಂತ ಬರೀರಿ. ಮತ್ತೆ ಕಳೆ ತೆಗೆಯೋಕೆ, ಔಷಧಿ ಹಾಕೋಕೆ, ಮೀನು ಬಿಡೋಕೆ ಬಹಳ ಕಡೆ ಸರ್ಕಾರದ ಪರ್ಮಿಷನ್ ಬೇಕು, ಅದನ್ನ ವಿಚಾರಿಸದೇ ಕೈ ಹಾಕ್ಬೇಡಿ.

ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದ ಹಾಗೆ ಕೆನೆ ಕಟ್ಟಿದ್ರೆ ಅದು ಸಯನೋಬ್ಯಾಕ್ಟೀರಿಯಾ, ಅಂದ್ರೆ ನೀಲಿ-ಹಸಿರು ಪಾಚಿ ಅಂತ ಕರೆಯೋದು ಇರಬಹುದು, ಅದರಲ್ಲಿ ಕೆಲವು ವಿಷ ಬಿಡ್ತವೆ, ಆ ನೀರು ಕುಡಿದ ನಾಯಿಗಳು ಸತ್ತಿರೋದು ಎಷ್ಟೋ ಕಡೆ ಇದೆ. ವಿಷ ಇದೆಯೋ ಇಲ್ವೋ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ, ಕುದಿಸಿದ್ರೂ ಹೋಗಲ್ಲ. ಆ ದಿನಾನೇ ಬೋರ್ಡ್ ಹಾಕಿ, ಮಕ್ಕಳು ನಾಯಿ ನೀರಿಗೆ ಇಳಿಯದ ಹಾಗೆ ನೋಡ್ಕೊಳ್ಳಿ, ಸಂಬಂಧಪಟ್ಟ ಇಲಾಖೆಗೆ ತಿಳಿಸಿ. ಈ ಹೊತ್ತಲ್ಲಿ ಯಾರಾದ್ರೂ ಮೈಲುತುತ್ತ ಸುರಿಯೋಣ ಅಂದ್ರೆ ಗಟ್ಟಿಯಾಗಿ ಬೇಡ ಅನ್ನಿ, ಒಂದೇ ಸಲಕ್ಕೆ ಜೀವಕೋಶ ಒಡೆದು ಒಳಗಿನ ವಿಷವೆಲ್ಲ ನೀರಿಗೆ ಸೇರತ್ತೆ, ಸತ್ತ ಪಾಚಿ ಕೊಳೆಯೋವಾಗ ಆಮ್ಲಜನಕಾನೂ ತಿಂದ್ಹಾಕತ್ತೆ, ಮೀನು ಸಾಯತ್ತೆ. ಎರಡು ಮೂರು ದಿನ ಮೋಡ ಮುಸುಕಿ ಗಾಳಿ ನಿಂತಿದ್ರೆ ಔಷಧಿ ಇಲ್ದೇನೂ ಹೀಗಾಗಬಹುದು, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ರೆ ಆಮ್ಲಜನಕ ಕಮ್ಮಿಯಾಗಿದೆ ಅಂತ ಅರ್ಥ. ಒಂದು ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗೆ ಹೋದ್ರೆ ಬಹಳ ಮೀನುಗಳಿಗೆ ಉಳಿಗಾಲ ಇಲ್ಲ. ನೀರಿಗೆ ಗಾಳಿ ಸೇರಿಸೋ ಏರೇಟರ್ ಮಷೀನ್ ಇದ್ರೆ ರಾತ್ರಿ ಹೊತ್ತು ಓಡಿಸಿ, ಆಗಲೇ ಅದರ ಅಗತ್ಯ ಜಾಸ್ತಿ.

ಇನ್ನು ಸಂಘದ ಒಳಗಿನ ವಿಷಯ. ಬೈಲಾ ಚಿಕ್ಕದಾಗಿರ್ಲಿ ಆದ್ರೆ ಇರ್ಲಿ: ಯಾರು ಸದಸ್ಯರು, ಕೋರಂ ಎಷ್ಟು, ಪದಾಧಿಕಾರಿಗಳ ಅವಧಿ ಎಷ್ಟು, ಎಷ್ಟು ದುಡ್ಡಿನ ತನಕ ಕಮಿಟಿ ತಾನೇ ಖರ್ಚು ಮಾಡಬಹುದು, ಅದಕ್ಕಿಂತ ಮೇಲೆ ಸಾಮಾನ್ಯ ಸಭೆಗೆ ಬರಬೇಕು. ಬ್ಯಾಂಕಿಗೆ ಇಬ್ಬರ ಸಹಿ, ವರ್ಷಕ್ಕೊಮ್ಮೆ ಕಮಿಟಿಯಲ್ಲಿಲ್ಲದ ಒಬ್ಬರಿಂದ ಲೆಕ್ಕ ತಪಾಸಣೆ, ಮೂರು ತಿಂಗಳಿಗೊಮ್ಮೆ ಎಲ್ರಿಗೂ ಒಂದು ಪುಟದ ಖರ್ಚಿನ ಪಟ್ಟಿ, ಇಷ್ಟು ಮಾಡಿದ್ರೆ ದುಡ್ಡಿನ ಗುಸುಗುಸು ತುಂಬಾ ಕಮ್ಮಿಯಾಗತ್ತೆ. ಬಂದ ಚಂದಾದಲ್ಲಿ ಒಂದು ಭಾಗ ಮುಟ್ಟದೇ ತೆಗೆದಿಡಿ, ಕೋಡಿ ಒಡೀತು, ತೂಬು ಕೆಟ್ಟು ನಿಂತಿತು ಅಂದಾಗ ಮನೆಮನೆಗೆ ಹೋಗಿ ಎತ್ತೋಕೆ ಟೈಮ್ ಇರಲ್ಲ. ಕೆರೆ ಅಂಚಲ್ಲಿ ಮನೆ ಇಲ್ಲದವರನ್ನೂ ಸೇರಿಸ್ಕೊಳ್ಳಿ, ಹಿಂದಿನ ಬೀದಿಯವರು, ಮೀನು ಹಿಡಿಯೋರು, ದಿನಾ ವಾಕಿಂಗ್ ಬರೋರು. ಅವರ ಚರಂಡಿ ನೀರೂ ಇಲ್ಲಿಗೇ ಬರತ್ತೆ, ದಡದ ಮನೆಯವರದ್ದೇ ಕ್ಲಬ್ ಆದ್ರೆ ಅವರಿಗೆ ಯಾಕೆ ಕಾಳಜಿ ಬರಬೇಕು ಹೇಳಿ.

ಮೀಟಿಂಗ್ ಒಂದೂವರೆ ಗಂಟೆ ಮೀರೋದು ಬೇಡ, ಅಜೆಂಡಾ ವಾರ ಮುಂಚೆ ಹೋಗ್ಲಿ, ನಡಾವಳಿ ಎರಡು ದಿನದಲ್ಲಿ ಬರ್ಲಿ, ಅದರಲ್ಲಿ ಯಾರು ಏನು ಮಾತಾಡಿದ್ರು ಅನ್ನೋದಕ್ಕಿಂತ ಯಾರು ಯಾವ ಕೆಲಸ ಯಾವಾಗ ಮುಗಿಸ್ತಾರೆ ಅನ್ನೋದಿರ್ಲಿ. ಸ್ಪೀಡ್ ಬೋಟು, ರಾತ್ರಿ ಮೈಕು, ನೀರಿನ ಮಟ್ಟ ಎಷ್ಟಿರಬೇಕು, ಈ ಮೂರು ವಿಷಯ ಬಂದಾಗ ಓಟಿಗೆ ಹಾಕೋ ಮುಂಚೆ ಎರಡೂ ಕಡೆಯವರನ್ನ ದಡಕ್ಕೇ ಕರ್ಕೊಂಡು ಹೋಗಿ ತೋರಿಸಿ. ಆಳ ಇಲ್ಲದ ಕಡೆ ಬೋಟ್ ಜೋರಾಗಿ ಹೋದ್ಮೇಲೆ ತಳದ ಕೆಸರೆದ್ದು ನೀರು ಕಂದು ಬಣ್ಣಕ್ಕೆ ತಿರುಗೋದು, ಅಲೆ ಬಡಿದು ಬಡಿದು ದಡ ಕುಸಿಯೋದು ಕಣ್ಣಾರೆ ಕಂಡ್ರೆ ದಡದ ಹತ್ರ ನಿಧಾನ ಹೋಗ್ಬೇಕು ಅನ್ನೋ ರೂಲಿಗೆ ಬೋಟ್ ಇರೋರೇ ಕೈ ಎತ್ತುತಾರೆ.

ಕಾರ್ಯಕ್ರಮಗಳು ಬೇಕೇ ಬೇಕು, ಬರೀ ಕೆಲಸಕ್ಕೆ ಕರೆದ್ರೆ ಯಾರೂ ಬರಲ್ಲ. ಬೆಳಗಿನ ಹಕ್ಕಿ ನೋಡೋ ನಡಿಗೆ, ದೋಣಿ ರೇಸು, ದಡದಲ್ಲಿ ಊಟ, ಮಕ್ಕಳಿಗೆ ಬಲೆ ಮತ್ತೆ ಬಿಳಿ ಟ್ರೇ ಕೊಟ್ಟು ನೀರಿನ ಹುಳ ಹುಡುಕಿಸೋದು. ಈ ಕೊನೇದನ್ನ ತಪ್ಪದೇ ಮಾಡಿ, ಕೊಡತಿಕೀಟದ ಮರಿ ಟ್ರೇಯಲ್ಲಿ ಓಡಾಡೋದನ್ನ ನೋಡಿದ ಮಗು ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಕೆರೆಗೆ ಏನೂ ಎಸೀಬೇಡಿ ಅಂತ ಹೇಳತ್ತೆ, ನಮ್ಮ ಪಾಂಪ್ಲೆಟ್‌ನಿಂದ ಅಷ್ಟು ಆಗಲ್ಲ. ಈಜು ಅಥವಾ ದೋಣಿ ಇರೋ ಕಾರ್ಯಕ್ರಮ ಆದ್ರೆ ಎಲ್ರಿಗೂ ಲೈಫ್ ಜಾಕೆಟ್, ದಡದಲ್ಲಿ ಹಗ್ಗ ಕಟ್ಟಿದ ತೇಲುಬಳೆ, ಬೇರೆ ಕೆಲಸ ಇಲ್ಲದೇ ನೀರನ್ನೇ ನೋಡ್ತಾ ನಿಲ್ಲೋಕೆ ಇಬ್ಬರು, ಇನ್ಶೂರೆನ್ಸು. ಗುಡುಗು ಕೇಳಿದ ತಕ್ಷಣ ಎಲ್ರೂ ನೀರಿಂದ ಆಚೆ, ಕೊನೇ ಗುಡುಗು ಕೇಳಿ 30 ನಿಮಿಷ ಆಗೋ ತನಕ ವಾಪಸ್ ಇಲ್ಲ. ಜೋರು ಮಳೆ ಬಂದ ಮೇಲೆ ಒಂದೆರಡು ದಿನ ಈಜು ಬೇಡ, ಚರಂಡಿಯ ರೋಗಾಣು ಎಲ್ಲಾ ಆಗಲೇ ಬಂದಿರತ್ತೆ.

ಹಳೇ ಕಮಿಟಿ ಇಳಿದು ಹೊಸಬರು ಬರೋವಾಗ ಬಹಳ ಸಂಘಗಳ ಕೆಲಸ ಮತ್ತೆ ಮೊದಲಿಂದ ಶುರುವಾಗತ್ತೆ, ಯಾಕಂದ್ರೆ ಎಲ್ಲಾ ಒಬ್ಬರ ಲ್ಯಾಪ್‌ಟಾಪಲ್ಲಿ ಇರತ್ತೆ. ಅಳತೆಯ ನೋಟ್‌ಬುಕ್ಕಿನ ನಕಲು ಇಬ್ಬರ ಹತ್ರ ಇರ್ಲಿ, ಪರ್ಮಿಷನ್ ಕಾಗದ, ಮ್ಯಾಪು, ಬೀಗದ ಕೈ, ಪಾಸ್‌ವರ್ಡು, ತೂಬು ತಿರುಗಿಸೋ ವಿಧಾನ ಇವೆಲ್ಲ ಒಂದು ಪಟ್ಟಿ ಮಾಡಿ ಕೈಗೆ ಕೊಡಿ, ಮೊದಲ ಎರಡು ಮೂರು ಅಳತೆಗೆ ಹಳಬರೇ ಹೊಸಬರ ಜೊತೆ ದೋಣೀಲಿ ಹೋಗಿ ಬನ್ನಿ.