ಬೀರುವಿನ ಬೀಗ ತೆಗೆದ ವರ್ಷ

ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ನಮ್ಮಲ್ಲಿ ಗ್ರಂಥಪಾಲಕರ ಹುದ್ದೆ ಇಲ್ಲ. ಶಿಕ್ಷಕರಲ್ಲಿ ಯಾರಾದರೊಬ್ಬರ ಹೆಗಲಿಗೆ ಗ್ರಂಥಾಲಯ ಬೀಳುತ್ತದೆ, ನನ್ನ ಹೆಗಲಿಗೆ ಬಿದ್ದು ಕೆಲವು ವರ್ಷಗಳಾದವು. ಗ್ರಂಥಾಲಯವೆಂದರೆ ಇಷ್ಟೇ: ಒಂದು ಕಬ್ಬಿಣದ ಬೀರು, ಒಂದು ಮರದ ಬೀರು, ಎರಡರ ಬೀಗದ ಕೈ, ಒಂದು ದಾಖಲಾತಿ ಪುಸ್ತಕ. ವರ್ಗಾವಣೆಯಾದರೆ ಎಲ್ಲವನ್ನೂ ಎಣಿಸಿ ಮುಂದಿನವರಿಗೆ ಒಪ್ಪಿಸಬೇಕು. ಲೆಕ್ಕ ಕಡಿಮೆ ಬಿದ್ದರೆ ಕೈಯಿಂದ ತೆರಬೇಕಾದೀತು ಎಂಬ ಭಯ ನನಗೂ ಇತ್ತು, ನನ್ನ ಹಿಂದಿನವರಿಗೂ ಇತ್ತು. ಆ ಭಯದಲ್ಲೇ ಪುಸ್ತಕಗಳನ್ನು ಮಕ್ಕಳಿಂದ ಕಾಪಾಡುತ್ತಾ ಬಂದೆವು.

ಕಳೆದ ಮೇ ಕೊನೆಯಲ್ಲಿ ಶಾಲೆ ಶುರುವಾಗುವ ಮುಂಚೆ ಮರದ ಬೀರುವನ್ನು ಪೂರ್ತಿ ಖಾಲಿ ಮಾಡಿದೆ. ಕೆಳಗಿನ ಖಾನೆಗೆ ಗೆದ್ದಲು ಹಿಡಿದಿತ್ತು. ಒಂದು ದಪ್ಪ ವಿಜ್ಞಾನ ಪುಸ್ತಕದ ರಟ್ಟು ಹೊಸದರಂತೆಯೇ ಹೊಳೆಯುತ್ತಿತ್ತು. ಬಿಡಿಸಿದರೆ ಒಳಗೆಲ್ಲ ಮಣ್ಣಿನ ದಾರಿ, ಬೆರಳು ತಾಗಿದಲ್ಲಿ ಹಾಳೆ ಉದುರುತ್ತಿತ್ತು. ಪುಸ್ತಕ ಒಯ್ದಾಗೆಲ್ಲ ಬರೆಯಲೆಂದು ಹಿಂಬದಿಯಲ್ಲಿ ಅಂಟಿಸಿದ್ದ ದಿನಾಂಕದ ಚೀಟಿ ಮಾತ್ರ ಉಳಿದಿತ್ತು. ಅದರಲ್ಲಿ ಒಂದು ದಿನಾಂಕವೂ ಇರಲಿಲ್ಲ. ನನಗೆ ಅಳು ಬಂತು. ಮಕ್ಕಳ ಕೈಯಲ್ಲಿ ಹರಿದಿದ್ದರೆ ಓದಿಯಾದರೂ ಹರಿಯುತ್ತಿತ್ತು.

ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಕೊಟ್ಟವರು ಎಸ್. ಆರ್. ರಂಗನಾಥನ್. 1931ರಲ್ಲಿ ಪ್ರಕಟವಾದ ಆ ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. ಹಿಂದೆ ಯುರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಟ್ಟಿಡುತ್ತಿದ್ದರು. ಒಂದೊಂದನ್ನೂ ಕೈಯಲ್ಲೇ ಬರೆಯಬೇಕಾಗಿದ್ದ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ನಮ್ಮ ಬೀಗಕ್ಕೆ ಯಾವ ಅರ್ಥವಿತ್ತು? ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ, 1972ರಲ್ಲಿ ತೀರಿಕೊಂಡದ್ದೂ ಅಲ್ಲಿಯೇ. ಪ್ರತಿವರ್ಷ ಆಗಸ್ಟ್ 12ರಂದು ಅವರ ಹೆಸರಿನಲ್ಲಿ ಗ್ರಂಥಪಾಲಕರ ದಿನ ಆಚರಿಸುವ ನಾವು ಮರುದಿನ ಬೀರುವಿಗೆ ಬೀಗ ಹಾಕುತ್ತಿದ್ದೆವು.

ಮುಖ್ಯೋಪಾಧ್ಯಾಯರ ಮುಂದೆ ಆ ಗೆದ್ದಲು ತಿಂದ ಪುಸ್ತಕವನ್ನೇ ಇಟ್ಟು ಮಾತನಾಡಿದೆ. ಅವರು ವಿಷಯವನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ತಂದು, ಓದಿ ಸವೆದ ಪುಸ್ತಕಗಳಿಗೂ ಕಳೆದುಹೋಗುವ ಒಂದೆರಡಕ್ಕೂ ಶಿಕ್ಷಕರನ್ನು ಹೊಣೆ ಮಾಡುವುದಿಲ್ಲವೆಂದು ನಡಾವಳಿಯಲ್ಲಿ ಬರೆಸಿದರು. ಈ ಕೆಲಸಕ್ಕೆ ಕೈಹಾಕುವ ಶಿಕ್ಷಕರಿಗೆ ನಾನು ಹೇಳುವುದು ಇದನ್ನೇ: ಮೊದಲು ಆ ಒಂದು ಸಾಲು ಬರೆಸಿಕೊಳ್ಳಿ. ಅದಿಲ್ಲದೆ ಕೈ ಸಡಿಲಾಗುವುದಿಲ್ಲ.

ಮುರಿದ ಡೆಸ್ಕುಗಳನ್ನು ತುಂಬಿದ್ದ ಕೊಠಡಿ ತೆರವಾಯಿತು. ಅದೇ ಡೆಸ್ಕುಗಳ ಹಲಗೆಯಿಂದ ಬಡಗಿಯವರು ಗೋಡೆಗುಂಟ ತಗ್ಗಾದ ಕಪಾಟು ಮಾಡಿಕೊಟ್ಟರು, ಎಂಟನೆಯ ತರಗತಿಯ ಮಗುವಿನ ಕೈಗೆಟುಕುವಷ್ಟೇ ಎತ್ತರ. ಗೆದ್ದಲಿನ ನೆನಪಿನಲ್ಲಿ ಗೋಡೆಗೂ ಕಪಾಟಿಗೂ ನಡುವೆ ಒಂದು ಗೇಣು ಜಾಗ ಬಿಡಿಸಿದೆ. ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ವಿಷಯಕ್ಕೊಂದು ಸಂಖ್ಯೆ ಕೊಟ್ಟು ವಿಂಗಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಮಕ್ಕಳಿಗೆ ಅದನ್ನು ಹೇಳಿಕೊಟ್ಟೆ, ಕುತೂಹಲದಿಂದ ಕೇಳಿದರು. ಆದರೆ ನಮ್ಮಷ್ಟು ಸಣ್ಣ ಸಂಗ್ರಹಕ್ಕೆ ಬಣ್ಣದ ಪಟ್ಟಿಯೇ ಸಾಕೆನಿಸಿತು. ಕಥೆಗೆ ಹಳದಿ, ವಿಜ್ಞಾನಕ್ಕೆ ನೀಲಿ, ಜೀವನಚರಿತ್ರೆಗೆ ಕೆಂಪು. ತೆಗೆದ ಪುಸ್ತಕವನ್ನು ಮಕ್ಕಳೇ ಅದರ ಜಾಗದಲ್ಲಿ ಇಡುತ್ತಾರೆ.

ಈ ವರ್ಷದ ನಿಜವಾದ ಹೊಸತು ಪುಸ್ತಕಗಳ ಆಯ್ಕೆ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಡಿ ಶಾಲೆಯ ಹಂತಕ್ಕೆ ತಕ್ಕಂತೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನವಿದೆ. ಹಿಂದೆಲ್ಲ ನಾವೇ ಪಟ್ಟಿ ಮಾಡುತ್ತಿದ್ದೆವು. ಮಹಾಪುರುಷರ ಚರಿತ್ರೆ, ನೀತಿಕಥೆ, ಪ್ರಬಂಧ ಸಂಗ್ರಹ. ಈ ಸಲ ಬಾಗಿಲ ಬಳಿ ಒಂದು ರಟ್ಟಿನ ಡಬ್ಬಿ ಇಟ್ಟು, ನಿಮಗೆ ಏನು ಓದಬೇಕೆನಿಸುತ್ತದೋ ಬರೆದು ಹಾಕಿ ಎಂದೆ. ಹೆಸರು ಬರೆಯುವುದು ಬೇಡ ಎಂದೂ ಹೇಳಿದೆ. ಕುರಿ ಸಾಕಣೆ, ಪಂಪ್‌ಸೆಟ್ ಮೋಟಾರ್ ರಿಪೇರಿ, ದೆವ್ವದ ಕಥೆ, ಹಾವು, ಕೇಕ್ ಮಾಡುವುದು! ಚೀಟಿಗಳನ್ನು ಹಿಡಿದು ನಾಲ್ವರು ಮಕ್ಕಳೊಂದಿಗೆ ತುಮಕೂರಿನ ಪುಸ್ತಕದ ಅಂಗಡಿಗೆ ಹೋದೆ. ಬೆಲೆ ನೋಡಿ, ಅಕ್ಷರದ ಗಾತ್ರ ನೋಡಿ, ತಮ್ಮತಮ್ಮಲ್ಲೇ ವಾದ ಮಾಡಿ ಅವರು ಆರಿಸಿದರು. ನಾನು ಬೇಡವೆಂದದ್ದು ಗೈಡುಗಳನ್ನು ಮಾತ್ರ.

ಹಾವಿನ ಪುಸ್ತಕವನ್ನು ಮೊದಲು ಒಯ್ದವನು ಒಂಬತ್ತನೆಯ ತರಗತಿಯ ಹುಡುಗ. ಪಠ್ಯದ ಒಂದು ಪ್ಯಾರಾ ಓದಿಸಿದರೆ ತಡವರಿಸುವವನು. ವಾರ ಕಳೆದರೂ ತರಲಿಲ್ಲ, ತಂದ ದಿನವೇ ಮತ್ತೆ ಬರೆಸಿಕೊಂಡ. ಒಂದು ಬೆಳಿಗ್ಗೆ ಬಂದು ಹೇಳಿದ: "ಮೇಡಂ, ಕಟ್ಟುಹಾವು ರಾತ್ರಿಯೇ ಓಡಾಡುವುದು. ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಕಚ್ಚಿದ್ದೂ ಅಷ್ಟಾಗಿ ಗೊತ್ತಾಗುವುದಿಲ್ಲವಂತೆ. ನಮ್ಮ ಅಜ್ಜಿಯನ್ನು ಮಂಚದ ಮೇಲೆ ಮಲಗಿಸಿ, ಸೊಳ್ಳೆಪರದೆ ಕಟ್ಟಿದ್ದೇನೆ." ಹೊಲದಲ್ಲಿ ಕೇರೆಹಾವನ್ನು ಹೊಡೆಯಬೇಡಿ, ಅದು ಇಲಿ ತಿನ್ನುತ್ತದೆ ಎಂದು ಅಪ್ಪನಿಗೂ ಹೇಳಿದನಂತೆ. ಅವನಿಗೆ ಓದು ಬರುವುದಿಲ್ಲ ಎಂದುಕೊಂಡಿದ್ದೆ. ಅವನು ಓದಬೇಕಾದದ್ದನ್ನು ನಾವು ಕೊಟ್ಟಿರಲಿಲ್ಲ.

ದಂಡ ಇಲ್ಲ, ಪ್ರಾರ್ಥನೆಯ ವೇಳೆ ಹೆಸರು ಕೂಗುವುದೂ ಇಲ್ಲ. ಹರಿದರೆ ಬಂದು ಹೇಳಬೇಕು, ಅಷ್ಟೇ. ಮೊದಲ ತಿಂಗಳು ಹರಿದ ಪುಸ್ತಕಗಳನ್ನು ಮಕ್ಕಳು ಮನೆಯಲ್ಲೇ ಬಚ್ಚಿಟ್ಟುಕೊಂಡರು. ಬಯ್ಯುವುದಿಲ್ಲವೆಂದು ಖಾತ್ರಿಯಾದ ಮೇಲೆ ಒಂದೊಂದೇ ಬಂದವು. ಪ್ರತಿ ಗುರುವಾರ ಕೊನೆಯ ಅವಧಿಯಲ್ಲಿ ದುರಸ್ತಿ ಮಾಡುತ್ತೇವೆ. ಪಾರದರ್ಶಕ ಅಂಟುಪಟ್ಟಿ ಬಳಸುವುದಿಲ್ಲ, ಕೆಲವೇ ವರ್ಷಗಳಲ್ಲಿ ಅದು ಹಳದಿಯಾಗಿ ಕಾಗದವನ್ನೂ ಕೆಡಿಸುತ್ತದೆ. ಮೈದಾ ಹಿಟ್ಟನ್ನು ತೆಳ್ಳಗೆ ಕುದಿಸಿ, ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತ ಬೆರೆಸುತ್ತೇನೆ. ಮೈಲುತುತ್ತ ವಿಷ, ಆದ್ದರಿಂದ ಆ ಕೆಲಸ ಮಕ್ಕಳಿಗೆ ಕೊಡುವುದಿಲ್ಲ. ಅವರು ತೆಳು ಕಾಗದದ ಪಟ್ಟಿ ಕತ್ತರಿಸಿ, ಹರುಕಿನ ಮೇಲೆ ಕೂರಿಸಿ, ಬೆರಳಿನಿಂದ ನೀವುತ್ತಾರೆ. ಬೆನ್ನು ಬಿಟ್ಟ ಪುಸ್ತಕಗಳಿಗೆ ದಬ್ಬಳದಿಂದ ತೂತು ಹಾಕಿ ಹೊಲಿಯುತ್ತೇವೆ.

ರಜೆಗಳಲ್ಲಿ ಶಾಲೆ ಮುಚ್ಚಿರುತ್ತದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತವೆಂದು ತಿಳಿದು, ದಸರಾ ರಜೆಗೆ ಮುಂಚೆ ಎಲ್ಲರನ್ನೂ ಅಲ್ಲಿಗೆ ಕರೆದೊಯ್ದು ಹೆಸರು ಬರೆಸಿದೆ. ಎಸ್‌ಎಸ್‌ಎಲ್‌ಸಿ ಮಕ್ಕಳ ವಿಷಯದಲ್ಲಿ ಮಾತ್ರ ನಾನು ಇನ್ನೂ ಗೆದ್ದಿಲ್ಲ. ಪರೀಕ್ಷೆಯ ವರ್ಷ ಕಥೆ ಪುಸ್ತಕ ಬೇಡ ಎನ್ನುವ ಪೋಷಕರಿದ್ದಾರೆ. ಶನಿವಾರ ತರಗತಿ ಮುಗಿದ ಮೇಲೆ ಅರ್ಧ ಗಂಟೆ ಕೇಳಿ ಪಡೆದಿದ್ದೇನೆ.

ಹಾವಿನ ಪುಸ್ತಕದ ಬೆನ್ನನ್ನು ಎರಡು ಸಲ ಹೊಲಿದಾಗಿದೆ. ಅದರ ದಿನಾಂಕದ ಚೀಟಿ ತುಂಬಿಹೋಯಿತು. ಕಳೆದ ಗುರುವಾರ ಅದರ ಕೆಳಗೆ ಇನ್ನೊಂದನ್ನು ಅಂಟಿಸಿದೆವು.