ಲಿಪಿಡ್ ಪ್ರೊಫೈಲ್ ರಿಪೋರ್ಟ್ ಓದುವುದು ಹೇಗೆ? ಟೋಟಲ್ ಒಂದನ್ನೇ ನೋಡಿ ಮಡಚಿಡಬೇಡಿ

ಲಿಪಿಡ್ ಪ್ರೊಫೈಲ್, ಅಂದರೆ ರಕ್ತದಲ್ಲಿರುವ ಕೊಬ್ಬಿನ ಪರೀಕ್ಷೆಯ ರಿಪೋರ್ಟ್ ಕೈಗೆ ಬಂದ ಕೂಡಲೇ ಬಹಳ ಜನರ ಕಣ್ಣು ಹೋಗುವುದು ಒಂದೇ ಸಾಲಿಗೆ: ಟೋಟಲ್ ಕೊಲೆಸ್ಟ್ರಾಲ್. 200ರ ಒಳಗಿದ್ದರೆ ನೆಮ್ಮದಿ. 210 ಇದ್ದರೆ ಅವತ್ತಿನಿಂದಲೇ ತುಪ್ಪ ಬಂದ್. ಎರಡೂ ಅವಸರದ ತೀರ್ಮಾನ. ಅಪಾಯ ಎಷ್ಟಿದೆ ಅಂತ ಹೇಳುವ ಸಾಲುಗಳು ಇರುವುದು ಅದರ ಕೆಳಗೆ, ಅವುಗಳನ್ನು ಯಾರೂ ಓದಿಸುವುದೇ ಇಲ್ಲ.

ಮೊದಲು ಒಂದು ವಿಷಯ ತಿಳಿದಿರಲಿ. ಕೊಲೆಸ್ಟ್ರಾಲ್ ವಿಷವಲ್ಲ. ಜೀವಕೋಶದ ಗೋಡೆಗೆ, ಹಾರ್ಮೋನುಗಳಿಗೆ, ವಿಟಮಿನ್ ಡಿಗೆ, ಪಿತ್ತರಸಕ್ಕೆ ಅದು ಬೇಕೇ ಬೇಕು. ಅದರ ಬಹುಪಾಲನ್ನು ದೇಹವೇ ತಯಾರಿಸುತ್ತದೆ, ಅದರಲ್ಲಿ ಲಿವರ್‌ನದು ದೊಡ್ಡ ಪಾತ್ರ. ‘ನಾವು ಮೊಟ್ಟೆ, ಮಾಂಸ ಮುಟ್ಟುವುದಿಲ್ಲ, ನಮಗೆಲ್ಲಿಂದ ಬರುತ್ತೆ’ ಅಂತ ಪರೀಕ್ಷೆಯನ್ನೇ ಮಾಡಿಸದೆ ಇರುವವರು ಇದನ್ನು ಗಮನಿಸಬೇಕು.

ಸಾರಿನ ಮೇಲೆ ತೇಲುವ ಎಣ್ಣೆಯ ಹಾಗೆ ಕೊಲೆಸ್ಟ್ರಾಲ್ ಕೂಡ ನೀರಿನಲ್ಲಿ, ರಕ್ತದಲ್ಲಿ ಬೆರೆಯುವುದಿಲ್ಲ. ಅದಕ್ಕೇ ದೇಹ ಅದನ್ನು ಪ್ರೋಟೀನ್ ಸುತ್ತಿದ ಸಣ್ಣ ಕಣಗಳಲ್ಲಿ ತುಂಬಿ ಕಳಿಸುತ್ತದೆ. ಎಲ್‌ಡಿಎಲ್, ಎಚ್‌ಡಿಎಲ್, ವಿಎಲ್‌ಡಿಎಲ್ ಅನ್ನುವುದು ಈ ಕಣಗಳ ಹೆಸರು. ಎಚ್‌ಡಿಎಲ್ ಹೆಚ್ಚುವರಿ ಕೊಲೆಸ್ಟ್ರಾಲನ್ನು ಲಿವರ್‌ಗೆ ವಾಪಸ್ ಒಯ್ಯುತ್ತದೆ, ಅದಕ್ಕೇ ಅದನ್ನು ‘ಒಳ್ಳೆಯದು’ ಅನ್ನುತ್ತಾರೆ. ಎಲ್‌ಡಿಎಲ್ ರಕ್ತದಲ್ಲಿ ಜಾಸ್ತಿಯಾದಷ್ಟೂ ರಕ್ತನಾಳದ ಒಳಗೋಡೆಗೆ ನುಗ್ಗಿ ಅಲ್ಲೇ ಉಳಿದು, ವರ್ಷಗಟ್ಟಲೆ ಕೂಡಿಕೊಂಡು ಗಡ್ಡೆಯಂತಾಗಿ ದಾರಿ ಕಿರಿದಾಗಿಸುತ್ತದೆ. ಅದು ಒಡೆದು ಮೇಲೆ ರಕ್ತ ಹೆಪ್ಪುಗಟ್ಟಿತು ಅಂದರೆ ಹೃದಯಾಘಾತ, ಮೆದುಳಿನಲ್ಲಾದರೆ ಪಾರ್ಶ್ವವಾಯು. ಅಲ್ಲಿಯವರೆಗೆ ಸಾಮಾನ್ಯವಾಗಿ ಒಂದು ಸುಳಿವೂ ಸಿಗುವುದಿಲ್ಲ. ತಲೆಸುತ್ತು, ಸುಸ್ತು ಏನೂ ಇಲ್ಲ. ಪರೀಕ್ಷೆ ಮಾಡಿಸಿದರೆ ಮಾತ್ರ ಗೊತ್ತಾಗುತ್ತದೆ.

ಈಗ ಪೆನ್ನು ತಗೊಳ್ಳಿ. ಎರಡು ರಿಪೋರ್ಟ್ ಇವೆ ಅಂದುಕೊಳ್ಳೋಣ. ಒಂದರಲ್ಲಿ ಟೋಟಲ್ 190, ಎಚ್‌ಡಿಎಲ್ 32, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) 240. ಇನ್ನೊಂದರಲ್ಲಿ ಟೋಟಲ್ 210, ಎಚ್‌ಡಿಎಲ್ 68, ಟ್ರೈಗ್ಲಿಸರೈಡ್ 90. ಮೇಲ್ನೋಟಕ್ಕೆ ಮೊದಲನೆಯವರೇ ಪಾಸು, ಅಲ್ವಾ? ಟೋಟಲ್‌ನಿಂದ ಎಚ್‌ಡಿಎಲ್ ಕಳೆಯಿರಿ. ಮೊದಲನೆಯವರಿಗೆ 158, ಎರಡನೆಯವರಿಗೆ 142. ಇದಕ್ಕೆ ನಾನ್-ಎಚ್‌ಡಿಎಲ್ ಅನ್ನುತ್ತಾರೆ. ರಕ್ತನಾಳಕ್ಕೆ ತೊಂದರೆ ಕೊಡುವ ಎಲ್ಲ ಕಣಗಳ ಕೊಲೆಸ್ಟ್ರಾಲೂ ಇದರಲ್ಲಿ ಸೇರಿದೆ. ಟೋಟಲ್ ಕಡಿಮೆ ಇದ್ದವರಿಗೇ ಇದು ಜಾಸ್ತಿ. ಎಷ್ಟೋ ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದೂ ಇಲ್ಲ. ಟ್ರೈಗ್ಲಿಸರೈಡ್ ಅನ್ನು 5ರಿಂದ ಭಾಗಿಸಿ ವಿಎಲ್‌ಡಿಎಲ್ ಅಂತ ಹಿಡಿದು, ಅದನ್ನೂ ಎಚ್‌ಡಿಎಲ್ ಅನ್ನೂ ಟೋಟಲ್‌ನಿಂದ ಕಳೆದು ಬರೆಯುತ್ತಾರೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ಕೈಕೊಡುತ್ತದೆ.

(ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿರುವ ಮಕ್ಕಳು ತಮ್ಮ ರಿಪೋರ್ಟ್ ಕಳಿಸಿ ‘ಕೊಲೆಸ್ಟ್ರಾಲ್ 5’ ಅಂದರೆ ಗಾಬರಿ ಬೇಡ. ಅಲ್ಲಿಯ ಅಳತೆ ಬೇರೆ. 38.67ರಿಂದ ಗುಣಿಸಿ, ನಮ್ಮ ಲೆಕ್ಕದಲ್ಲಿ ಅದು ಸುಮಾರು 193.)

ಎಲ್‌ಡಿಎಲ್ ಎಷ್ಟಿರಬೇಕು? ಇಲ್ಲೇ ಬಹಳ ಜನ ಎಡವುವುದು. ರಿಪೋರ್ಟ್‌ನ ಬಲಗಡೆ ಅಚ್ಚಾಗಿರುವ ನಾರ್ಮಲ್ ಮಿತಿ ಎಲ್ಲರಿಗೂ ಒಂದೇ ಅಲ್ಲ. ಕಾರ್ಡಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ಅಪಾಯ ಕಡಿಮೆ ಇರುವವರಿಗೆ 100ರ ಒಳಗೆ, ಸಕ್ಕರೆ ಕಾಯಿಲೆ, ಬಿಪಿ ಥರದ ತೊಂದರೆಯಿಂದ ಅಪಾಯ ಹೆಚ್ಚಿರುವವರಿಗೆ 70ರ ಒಳಗೆ, ಒಮ್ಮೆ ಹೃದಯಾಘಾತವೋ ಪಾರ್ಶ್ವವಾಯುವೋ ಆದವರಿಗೆ 55ರ ಒಳಗೆ ಇರಬೇಕು. ಅಂದರೆ 98 ಅನ್ನುವ ಅಂಕಿ ನಿಮ್ಮ ಮಗನಿಗೆ ಸರಿ, ಸ್ಟೆಂಟ್ ಹಾಕಿಸಿಕೊಂಡ ನಿಮ್ಮ ಯಜಮಾನರಿಗೆ ಸರಿಯಲ್ಲ.

ಎಚ್‌ಡಿಎಲ್ ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕಡಿಮೆ ಇದ್ದರೆ ಕಡಿಮೆಯೇ. ಹಾಗಂತ ಅದು ಜಾಸ್ತಿ ಇದ್ದ ಮಾತ್ರಕ್ಕೆ ಎಲ್‌ಡಿಎಲ್ ಏರಿದ್ದು ಮಾಫ್ ಆಗುವುದಿಲ್ಲ. ಮಾತ್ರೆ ಕೊಟ್ಟು ಎಚ್‌ಡಿಎಲ್ ಏರಿಸಿ ನೋಡಿದ ದೊಡ್ಡ ಪ್ರಯೋಗಗಳಲ್ಲಿ ನಿರೀಕ್ಷಿಸಿದಷ್ಟು ಪ್ರಯೋಜನ ಕಾಣಲಿಲ್ಲ. ದಿನಾ ಬಿರುಸಾಗಿ ನಡೆಯುವುದು, ಸಿಗರೇಟ್ ಬಿಡುವುದು, ಇವೇ ದಾರಿ.

ಟ್ರೈಗ್ಲಿಸರೈಡ್ 150ರ ಒಳಗಿರಬೇಕು. 500 ದಾಟಿದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಭಯ ಶುರು. ನಮ್ಮ ಜನರಲ್ಲಿ ಎಚ್‌ಡಿಎಲ್ ಕಡಿಮೆ, ಟ್ರೈಗ್ಲಿಸರೈಡ್ ಜಾಸ್ತಿ ಅನ್ನುವ ಜೋಡಿ ತುಂಬಾ ಸಾಮಾನ್ಯ. ಎಣ್ಣೆ ಬಿಟ್ಟರೂ ಇದು ಇಳಿಯಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವವರು ತಟ್ಟೆಯನ್ನೊಮ್ಮೆ ನೋಡಲಿ. ಗುಡ್ಡದಷ್ಟು ಅನ್ನ, ದಿನಕ್ಕೆ ನಾಲ್ಕು ಸಲ ಸಕ್ಕರೆ ಹಾಕಿದ ಕಾಫಿ, ಸಂಜೆ ಬೇಕರಿಯ ದಿಲ್‌ಪಸಂದ್, ವಾರದ ಕೊನೆಗೆ ಡ್ರಿಂಕ್ಸ್. ಟ್ರೈಗ್ಲಿಸರೈಡ್ ಏರಿಸುವುದು ಹೆಚ್ಚಾಗಿ ಇವೇ.

ಎಲ್‌ಡಿಎಲ್‌ಗೆ ಬೇರೆ ಉಪಾಯ ಬೇಕು. ಎಣ್ಣೆ ಪ್ಯಾಕೆಟ್ ಮೇಲೆ ‘ಕೊಲೆಸ್ಟ್ರಾಲ್ ಫ್ರೀ’ ಅಂತ ಬರೆದಿರುತ್ತದೆ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ! ನೋಡಬೇಕಾದ್ದು ಎಲ್‌ಡಿಎಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು. ಕೊಬ್ಬರಿ ಎಣ್ಣೆಯಲ್ಲಿ ಅದು ಸುಮಾರು 90%, ತಾಳೆ ಎಣ್ಣೆಯಲ್ಲಿ ಅರ್ಧದಷ್ಟು, ಕಡಲೆಕಾಯಿ ಎಣ್ಣೆಯಲ್ಲಿ ಅದಕ್ಕಿಂತ ತುಂಬಾ ಕಡಿಮೆ. ಕರಾವಳಿಯವರು ಕೊಬ್ಬರಿ ಎಣ್ಣೆ ಪೂರ್ತಿ ಬಿಡಬೇಕಿಲ್ಲ, ಒಗ್ಗರಣೆಗೆ ಇಟ್ಟುಕೊಂಡು ಕರಿಯುವುದನ್ನು ಕಡಿಮೆ ಮಾಡಿ. ಜೊತೆಗೆ ಹುರುಳಿ, ಅವರೆ, ಹೆಸರುಕಾಳು, ಓಟ್ಸ್ ಜಾಸ್ತಿ ಮಾಡಿ. ಇವುಗಳಲ್ಲಿರುವ ಕರಗುವ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಸಾಗಿಸುತ್ತದೆ, ಹೊಸ ಪಿತ್ತರಸ ಮಾಡಲು ಲಿವರ್ ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ.

ಇಷ್ಟು ಮಾಡಿಯೂ ಎಲ್‌ಡಿಎಲ್ ಇಳಿಯದಿದ್ದರೆ ನಿಮ್ಮ ತಪ್ಪು ಅಂತ ಕೊರಗಬೇಡಿ. ಡಾಕ್ಟರ ಬಳಿ ಮೂರು ವಿಷಯ ಕೇಳಿ. ಥೈರಾಯ್ಡ್ ನೋಡಿಸಬೇಕಾ? ಥೈರಾಯ್ಡ್ ಕೆಲಸ ನಿಧಾನವಾದರೆ ಎಲ್‌ಡಿಎಲ್ ಏರುತ್ತದೆ. ಲಿಪೊಪ್ರೋಟೀನ್ ಎ ಪರೀಕ್ಷೆ ಬೇಕಾ? ಇದು ಎಲ್‌ಡಿಎಲ್ ಥರದ್ದೇ ಇನ್ನೊಂದು ಕಣ, ಹುಟ್ಟಿನಿಂದ ಬರುವಂಥದ್ದು, ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಎಲ್‌ಡಿಎಲ್ 190 ದಾಟಿದ್ದರೆ ಇದು ವಂಶಪಾರಂಪರ್ಯದ್ದಾ? ಹೌದಾದರೆ ಅಣ್ಣ, ತಂಗಿ, ಮಕ್ಕಳಿಗೂ ಪರೀಕ್ಷೆ ಆಗಲೇಬೇಕು, ಮಕ್ಕಳು ಎಷ್ಟೇ ತೆಳ್ಳಗಿದ್ದರೂ ಸರಿ.

ಸ್ಟ್ಯಾಟಿನ್ ಮಾತ್ರೆ ಬರೆದುಕೊಟ್ಟರೆ ಸುಮ್ನೆ ಹೆದರಬೇಡಿ. ಅದು ಲಿವರ್‌ನಲ್ಲಿ ಕೊಲೆಸ್ಟ್ರಾಲ್ ತಯಾರಿಯನ್ನು ತಗ್ಗಿಸುತ್ತದೆ, ಆಗ ಲಿವರ್ ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಜಾಸ್ತಿ ಹೀರಿಕೊಳ್ಳುತ್ತದೆ. 4ರಿಂದ 12 ವಾರದೊಳಗೆ ಮತ್ತೆ ಪರೀಕ್ಷೆ ಮಾಡಿಸಿ. ಅಂಕಿ ಇಳಿದಿದೆ ಅಂತ ಮಾತ್ರೆ ನಿಲ್ಲಿಸಬೇಡಿ, ಇಳಿದಿರುವುದೇ ಮಾತ್ರೆಯಿಂದ. ಮೈಕೈ ನೋವು ಬಂದರೆ ಡಾಕ್ಟರಿಗೆ ಹೇಳಿ, ಡೋಸ್ ಬದಲಿಸಬಹುದು, ಬೇರೆ ಮಾತ್ರೆಯೂ ಇದೆ. ಗರ್ಭಿಣಿಯಾಗುವ ಯೋಚನೆ ಇದ್ದರೆ ಅದನ್ನೂ ಮೊದಲೇ ಹೇಳಿ.